ನಿಲುಭಾರ: ದೋಣಿಗೆ ಬೇಕೆಂದೇ ಹೊರಿಸುವ ಹೊರೆ

ದೋಣಿಯಲ್ಲಿ ಭಾರವು ಮಿತಿಮೀರಿದರೆ ಅಪಾಯವೆಂಬುದನ್ನು ತಿಳಿಯದವರಿಲ್ಲ. ಬಲ್ಲ ಅಂಬಿಗನು ತುಂಬಿದ ದೋಣಿಗೆ ಇನ್ನೊಬ್ಬನನ್ನು ಹತ್ತಿಸಿಕೊಳ್ಳಲು ಒಪ್ಪನು. ಹೀಗಿರುವಲ್ಲಿ, ಹಗುರವಾಗಿ ತೇಲುತ್ತಿರುವ ದೋಣಿಯೊಂದಕ್ಕೆ ನೂರಾರು ಕಿಲೋಗ್ರಾಂ ತೂಕವನ್ನು ಬೇಕೆಂದೇ ತುಂಬುವರೆಂದು ಕೇಳಿದರೆ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಆದರೂ ಇದು ನಿಜ. ಸಾಗಿಸುವ ಸರಕಿಗೆ ಹೊರತಾಗಿ, ದೋಣಿಯ ಅಥವಾ ಹಡಗಿನ ನಡೆಯನ್ನು ತಿದ್ದುವುದಕ್ಕಾಗಿಯೇ ಇಡುವ ಇಂತಹ ತೂಕಕ್ಕೆ ನಿಲುಭಾರವೆಂದು ಹೆಸರು. ಇಂಗ್ಲಿಷಿನಲ್ಲಿ ಇದನ್ನು ಬ್ಯಾಲಸ್ಟ್ ಎನ್ನುವರು. ಹಾಯಿಹಡಗುಗಳ ಕಾಲದಲ್ಲಿ ಕಲ್ಲು, ಮರಳುಗಳನ್ನು ಹಡಗಿನ ತಳದಲ್ಲಿ ತುಂಬುತ್ತಿದ್ದರು. ಇಂದಿನ ದೊಡ್ಡ ಹಡಗುಗಳು ಸಮುದ್ರದ ನೀರನ್ನೇ ತಮ್ಮ ತೊಟ್ಟಿಗಳಿಗೆ ತುಂಬಿಕೊಳ್ಳುವುವು. ಈ ಲೇಖನದಲ್ಲಿ ನಾವು ಒಂದು ಚಿಕ್ಕ ಮೋಟಾರು ದೋಣಿಯನ್ನು ಉದಾಹರಣೆಯಾಗಿಟ್ಟುಕೊಂಡು ನಿಲುಭಾರದ ಗುಣದೋಷಗಳನ್ನು ವಿಚಾರಿಸೋಣ. ನಿಯಮವು ದೊಡ್ಡ ಹಡಗಿಗೂ ಚಿಕ್ಕ ದೋಣಿಗೂ ಒಂದೇ. ಆದರೆ ಚಿಕ್ಕ ದೋಣಿಯಲ್ಲಿ ಅದರ ಪರಿಣಾಮವು ಬೇಗನೆ ಕಣ್ಣಿಗೆ ಬೀಳುವುದು.

ಅಲೆಯನ್ನು ಬಯಸುವ ಆಟ

1922ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ತರುಣನು ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು, ದೋಣಿಯು ಎಳೆಯುವ ಹಗ್ಗವನ್ನು ಹಿಡಿದು ನೀರಿನ ಮೇಲೆ ಜಾರಿದನು. ಇದೇ ವಾಟರ್ ಸ್ಕೀಯಿಂಗ್ ಎಂಬ ಕ್ರೀಡೆಯ ಮೊದಲು. ಈ ಕ್ರೀಡೆಯವರಿಗೆ ನೀರು ನಯವಾಗಿದ್ದಷ್ಟೂ ಹಿತ. 1980ರ ದಶಕದಲ್ಲಿ ಅದೇ ದೇಶದಲ್ಲಿ ಬೆಳೆದ ವೇಕ್‌ಬೋರ್ಡಿಂಗ್ ಎಂಬ ಆಟದ ಬಯಕೆಯು ಇದಕ್ಕೆ ತೀರ ವಿರುದ್ಧವಾದುದು. ಇಲ್ಲಿ ಆಟಗಾರನ ಎರಡು ಪಾದಗಳೂ ಒಂದೇ ಅಗಲವಾದ ಹಲಗೆಯ ಮೇಲೆ ಬಿಗಿಯಲ್ಪಟ್ಟಿರುವುವು. ದೋಣಿಯು ಗಂಟೆಗೆ ಸುಮಾರು 30ರಿಂದ 37 ಕಿಲೋಮೀಟರು ವೇಗದಲ್ಲಿ ಅವನನ್ನು ಎಳೆಯುವುದು. ಓಡುವ ದೋಣಿಯು ನೀರನ್ನು ಸೀಳಿಕೊಂಡು ಹೋಗುವಾಗ ಅದರ ಹಿಂದೆ ಎರಡು ಕಡೆಗೂ ಅಲೆಗಳು ಕವಲೊಡೆದು ಹರಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ಜಾಡಿನ ಅಲೆಗೆ ವೇಕ್ ಎಂದು ಹೆಸರು. ಆಟಗಾರನು ಇದನ್ನೇ ಚಿಮ್ಮುಹಲಗೆಯಂತೆ ಬಳಸಿ ಗಾಳಿಗೆ ಹಾರುವನು. ಆದಕಾರಣ ಅವನಿಗೆ ಅಲೆಯು ಎತ್ತರವಾಗಿಯೂ ಗಟ್ಟಿಯಾಗಿಯೂ ಇರಬೇಕು. ಅಲೆಯನ್ನು ಬೆಳೆಸುವ ಉಪಾಯಗಳಲ್ಲಿ ಸುಲಭವಾದುದು ದೋಣಿಯ ಭಾರವನ್ನು ಹೆಚ್ಚಿಸುವುದು.

ಭಾರಕ್ಕೂ ಅಲೆಗೂ ಇರುವ ಸಂಬಂಧ

ತೇಲುವ ವಸ್ತುವು ತನ್ನ ತೂಕಕ್ಕೆ ಸಮನಾದ ತೂಕದ ನೀರನ್ನು ಪಕ್ಕಕ್ಕೆ ಸರಿಸುವುದೆಂಬ ಆರ್ಕಿಮಿಡೀಸನ ತತ್ತ್ವವನ್ನು ವಿದ್ಯಾರ್ಥಿಗಳು ಬಲ್ಲರು. 1,800 ಕಿಲೋಗ್ರಾಂ ತೂಗುವ ಒಂದು ದೋಣಿಯಿದೆಯೆಂದೂ, ನೀರಿನ ಮಟ್ಟದಲ್ಲಿ ಅದರ ವಿಸ್ತಾರವು 10 ಚದರ ಮೀಟರೆಂದೂ ಇಟ್ಟುಕೊಳ್ಳೋಣ. ಇದಕ್ಕೆ 900 ಲೀಟರು ನೀರನ್ನು ನಿಲುಭಾರವಾಗಿ ತುಂಬಿದರೆ 900 ಕಿಲೋಗ್ರಾಂ ತೂಕವು ಕೂಡುವುದು. ಅಷ್ಟೇ ತೂಕದ, ಎಂದರೆ 0.9 ಘನ ಮೀಟರಿನಷ್ಟು ಸರೋವರದ ನೀರನ್ನು ದೋಣಿಯು ಹೆಚ್ಚಾಗಿ ಸರಿಸಬೇಕು. 0.9ನ್ನು 10ರಿಂದ ಭಾಗಿಸಿದರೆ 0.09 ಮೀಟರು, ಎಂದರೆ ದೋಣಿಯು ಸುಮಾರು 9 ಸೆಂಟಿಮೀಟರು ಕೆಳಗಿಳಿಯುವುದು. ಆ ಮೇಲೆ ಒಟ್ಟು 300 ಕಿಲೋಗ್ರಾಂ ತೂಗುವ ಐದು ಜನರು ಹತ್ತಿದರೆ ಇನ್ನೂ 3 ಸೆಂಟಿಮೀಟರು ಇಳಿಯುವುದು.

ವೇಗವಾಗಿ ಓಡುವ ಹಗುರವಾದ ದೋಣಿಯು ನೀರಿನಿಂದ ಮೇಲಕ್ಕೆದ್ದು ಅದರ ಮೇಲ್ಮೈಯಲ್ಲಿ ಜಾರುವುದು. ಆಗ ಅದು ಸರಿಸುವ ನೀರು ಅಲ್ಪ, ಏಳಿಸುವ ಅಲೆಯೂ ಅಲ್ಪ. ಭಾರವಾದ ದೋಣಿಯು ಆಳವಾಗಿ ಕುಳಿತೇ ಸಾಗುವುದರಿಂದ ಹೆಚ್ಚು ನೀರನ್ನು ದೂಡಬೇಕಾಗುವುದು. ಹೀಗೆ ದೂಡಲ್ಪಟ್ಟ ನೀರೇ ಹಿಂದೆ ಎತ್ತರವಾದ ಅಲೆಯಾಗಿ ಏಳುವುದು. ಇಲ್ಲಿ ಒಂದು ಅಂಶವನ್ನು ಮರೆಯಲಾಗದು. ಅಲೆಯಲ್ಲಿರುವ ಶಕ್ತಿಯು ಭಾರದಿಂದ ಹುಟ್ಟಿದುದಲ್ಲ. ಅದನ್ನು ಎಂಜಿನು ಕೊಡುವುದು. ಭಾರವು ಹೆಚ್ಚಿದಂತೆ ಎಂಜಿನಿನ ದುಡಿಮೆಯೂ ಇಂಧನದ ವೆಚ್ಚವೂ ಹೆಚ್ಚುವುವು.

ನೀರೋ ಸೀಸವೋ?

ನಿಲುಭಾರಕ್ಕೆ ಸಾಮಾನ್ಯವಾಗಿ ಬಳಸುವ ಪದಾರ್ಥಗಳು ಎರಡು. ದೋಣಿಯ ತಳದಲ್ಲಿರುವ ತೊಟ್ಟಿಗಳಿಗೋ ಗಟ್ಟಿಯಾದ ಚೀಲಗಳಿಗೋ ಪಂಪಿನಿಂದ ಸರೋವರದ ನೀರನ್ನೇ ತುಂಬುವುದು ಒಂದು ಕ್ರಮ. ಸೀಸದ ತುಂಡುಗಳನ್ನು ಚಿಕ್ಕ ಚೀಲಗಳಲ್ಲಿ ಕಟ್ಟಿ ಇಡುವುದು ಇನ್ನೊಂದು. ಸೀಸವು ನೀರಿಗಿಂತ ಸುಮಾರು 11.3 ಪಟ್ಟು ಸಾಂದ್ರವಾದುದರಿಂದ, 900 ಲೀಟರು ನೀರಿನ ತೂಕವು ಸುಮಾರು 80 ಲೀಟರು ಸೀಸದಲ್ಲಿ ಅಡಗುವುದು. ಸ್ಥಳವು ಉಳಿಯುವುದೆಂಬುದೇನೋ ದಿಟ. ಆದರೆ ನೀರನ್ನು ಆಟ ಮುಗಿದೊಡನೆ ಹೊರಚೆಲ್ಲಿ ದೋಣಿಯನ್ನು ಹಗುರ ಮಾಡಬಹುದು. ಸೀಸವನ್ನು ಹಾಗೆ ಮಾಡಲಾಗದು.

ಇದಕ್ಕಿಂತಲೂ ಮುಖ್ಯವಾದ ಭೇದವೊಂದುಂಟು. ಒಂದು ವೇಳೆ ದೋಣಿಯೊಳಕ್ಕೆ ನೀರು ನುಗ್ಗಿ ಚೀಲಗಳು ಮುಳುಗಿದುವೆನ್ನೋಣ. ನೀರಿನೊಳಗಿರುವ ನೀರಿನ ಚೀಲವು ದೋಣಿಯನ್ನು ಕೆಳಕ್ಕೆಳೆಯುವುದಿಲ್ಲ. ಏಕೆಂದರೆ ಅದರ ತೂಕವೂ ಅದು ಸರಿಸುವ ನೀರಿನ ತೂಕವೂ ಹೆಚ್ಚುಕಡಮೆ ಸಮ. ಸೀಸವಾದರೋ ಮುಳುಗಿದ ಮೇಲೂ ತನ್ನ ತೂಕದ ಬಹುಪಾಲನ್ನು ಉಳಿಸಿಕೊಂಡು ದೋಣಿಯನ್ನು ತಳಕ್ಕೆ ಎಳೆಯುತ್ತಲೇ ಇರುವುದು.

ಎಲ್ಲಿ ಇಡಬೇಕು?

ಭಾರವು ಎಷ್ಟು ಎಂಬ ಪ್ರಶ್ನೆಗೆ ಎಷ್ಟು ಬೆಲೆಯುಂಟೋ ಎಲ್ಲಿ ಎಂಬ ಪ್ರಶ್ನೆಗೂ ಅಷ್ಟೇ ಬೆಲೆಯುಂಟು. ಹಿಂಭಾಗದಲ್ಲಿ ಹೆಚ್ಚು ಇಟ್ಟರೆ ಅಲೆಯು ಕಡಿದಾಗಿ ಏಳುವುದು. ಆದರೆ ದೋಣಿಯ ಮುಂಭಾಗವು ಮೇಲಕ್ಕೆದ್ದು, ಎದುರಿನಲ್ಲಿ ಈಜುತ್ತಿರುವವರು ಚಾಲಕನಿಗೆ ಕಾಣದೆ ಹೋಗಬಹುದು. ಮುಂಭಾಗದಲ್ಲಿಯೂ ತಕ್ಕಷ್ಟು ಇಟ್ಟರೆ ಅಲೆಯ ಇಳುಕಲು ಉದ್ದವಾಗಿ ಸೌಮ್ಯವಾಗುವುದು. ಅಲ್ಲಿಯೇ ಅತಿಯಾದರೆ, ದೋಣಿಯು ವೇಗವನ್ನು ಕಡಮೆ ಮಾಡಿ ಹಿಂತಿರುಗುವಾಗ ತಾನೇ ಎಬ್ಬಿಸಿದ ಅಲೆಗೆ ಮೂಗನ್ನು ಚುಚ್ಚಿ, ನೀರು ಮುಂಭಾಗದಿಂದ ಒಳನುಗ್ಗುವುದು. ಬಿದ್ದ ಆಟಗಾರನನ್ನು ಕರೆತರಲು ದೋಣಿಯು ಪ್ರತಿಸಲವೂ ಹೀಗೆಯೇ ಹಿಂತಿರುಗಬೇಕಾದುದರಿಂದ ಈ ಅಪಾಯವು ಅಪರೂಪದ್ದೇನೂ ಅಲ್ಲ.

ಎಡಬಲಗಳ ತೂಕವು ಸಮನಾಗಿರಬೇಕೆಂಬುದು ಸ್ಪಷ್ಟ. ಮೇಲು ಕೆಳಗುಗಳ ವಿಷಯದಲ್ಲಿಯೂ ಎಚ್ಚರ ಬೇಕು. ತಳದಲ್ಲಿ ಇಟ್ಟ ಭಾರವು ದೋಣಿಯ ಗುರುತ್ವ ಕೇಂದ್ರವನ್ನು ಕೆಳಗಿಳಿಸಿ ಅದನ್ನು ಸ್ಥಿರಗೊಳಿಸುವುದು. ಅದೇ ಚೀಲವನ್ನು ಆಸನದ ಮೇಲಿಟ್ಟರೆ ಗುರುತ್ವ ಕೇಂದ್ರವು ಮೇಲಕ್ಕೇರಿ ದೋಣಿಯು ತೂಗಾಡತೊಡಗುವುದು. ನಿಲುಭಾರವೆಂಬ ಹೆಸರಿದ್ದ ಮಾತ್ರಕ್ಕೆ ಎಲ್ಲ ಭಾರವೂ ದೋಣಿಯನ್ನು ನಿಲ್ಲಿಸದು.

ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯನ್ನು ನಾವು ಮನುಷ್ಯರ ಗುಣವನ್ನು ಕುರಿತು ಹೇಳುವುದುಂಟು. ನಾವಿಕರಿಗೆ ಇದು ಅಕ್ಷರಶಃ ಸತ್ಯ. ಅರೆ ತುಂಬಿದ ತೊಟ್ಟಿಯಲ್ಲಿ ನೀರು ಸ್ವತಂತ್ರವಾಗಿರುವುದು. ದೋಣಿಯು ಬಲಕ್ಕೆ ವಾಲಿದರೆ ಅದೂ ಬಲಕ್ಕೆ ಹರಿದು, ವಾಲುವಿಕೆಯನ್ನು ತಡೆಯುವುದರ ಬದಲು ಹೆಚ್ಚಿಸುವುದು. ಆದಕಾರಣ ತೊಟ್ಟಿಯು ಪೂರ್ತಿ ತುಂಬಿರಬೇಕು, ಇಲ್ಲವೆ ಪೂರ್ತಿ ಬರಿದಾಗಿರಬೇಕು. ಚೀಲಗಳಲ್ಲಿ ಉಳಿದ ಗಾಳಿಯನ್ನು ಹೊರಹಾಕಿ ಬಾಯನ್ನು ಬಿಗಿಯುವುದೂ ಇದಕ್ಕಾಗಿಯೇ.

ಮಿತಿ ಎಲ್ಲಿ?

ನೀರಿನ ಮಟ್ಟದಿಂದ ದೋಣಿಯ ಅಂಚಿನವರೆಗೆ ಉಳಿದಿರುವ ಎತ್ತರವೇ ಪ್ರಯಾಣಿಕರ ರಕ್ಷೆ. ನಾವು ಮೇಲೆ ಲೆಕ್ಕಹಾಕಿದ 9 ಸೆಂಟಿಮೀಟರು ಮತ್ತು 3 ಸೆಂಟಿಮೀಟರುಗಳು ಈ ರಕ್ಷೆಯಿಂದಲೇ ಕಳೆದುಹೋಗುವುವು. ಅಮೆರಿಕದ ಕಾನೂನಿನಂತೆ 20 ಅಡಿಗಿಂತ ಕಿರಿದಾದ ಸಾಮಾನ್ಯ ಮೋಟಾರು ದೋಣಿಗಳಲ್ಲಿ, ಎಷ್ಟು ಜನರನ್ನು ಹಾಗೂ ಎಷ್ಟು ತೂಕವನ್ನು ಹೊರಿಸಬಹುದೆಂದು ತಿಳಿಸುವ ಫಲಕವಿರಬೇಕು. ಮೋಜಿನ ಉತ್ಸಾಹದಲ್ಲಿ ಜನರನ್ನು ಎಣಿಸಿ ನಿಲುಭಾರವನ್ನು ಎಣಿಸದಿರುವುದು ಘೋರವಾದ ತಪ್ಪು. ಸರೋವರಕ್ಕೆ ಕಿಲೋಗ್ರಾಮಿನ ಲೆಕ್ಕ ಮಾತ್ರ ಗೊತ್ತು. ಅದು ಸ್ನೇಹಿತನ ತೂಕವೋ ಚೀಲದ ತೂಕವೋ ಎಂದು ಅದು ಕೇಳುವುದಿಲ್ಲ.

ದೊಡ್ಡ ಹಡಗುಗಳಿಗೂ ಇಂತಹ ಮಿತಿಯುಂಟು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಮಹನೀಯನು ನಾವಿಕರ ಪ್ರಾಣರಕ್ಷಣೆಗಾಗಿ ಬಹುವಾಗಿ ಹೋರಾಡಿದುದರ ಫಲವಾಗಿ, 1876ರಲ್ಲಿ ಬ್ರಿಟನ್ನಿನ ಕಾನೂನು ಹಡಗುಗಳ ಪಕ್ಕದಲ್ಲಿ ಹೊರೆಯ ಗುರುತನ್ನು ಬರೆಯುವುದನ್ನು ಕಡ್ಡಾಯಗೊಳಿಸಿತು. ಒಂದು ವೃತ್ತ, ಅದರ ನಡುವೆ ಹಾಯುವ ಒಂದು ಅಡ್ಡಗೆರೆ: ಇದೇ ಪ್ಲಿಮ್ಸಾಲ್ ಗುರುತು. ಮುಂಬಯಿಯ ಬಂದರಿಗೆ ಬರುವ ಸರಕು ಹಡಗುಗಳ ಪಕ್ಕದಲ್ಲಿ ನಮ್ಮ ವಿದ್ಯಾರ್ಥಿಗಳು ಇದನ್ನು ಕಾಣಬಹುದು.

ಮಿತಿಯು ಮೊದಲೇ ಕೈಮೀರಿದ್ದರೆ ನಿಲುಭಾರವನ್ನು ಹೆಚ್ಚಿಸಿಯೂ ಪ್ರಯೋಜನವಿಲ್ಲವೆಂಬುದಕ್ಕೆ ಸ್ವೀಡನ್ನಿನ ವಾಸಾ ಎಂಬ ಯುದ್ಧನೌಕೆಯೇ ಸಾಕ್ಷಿ. ಎರಡು ಅಂತಸ್ತುಗಳಲ್ಲಿ ಭಾರವಾದ ಫಿರಂಗಿಗಳನ್ನು ಹೊತ್ತ ಈ ಹಡಗಿನ ತಳದಲ್ಲಿ ಸುಮಾರು 120 ಟನ್ನು ಕಲ್ಲಿದ್ದರೂ ಅದರ ಗುರುತ್ವ ಕೇಂದ್ರವು ಬಹಳ ಮೇಲಿತ್ತು. ಹೊರಡುವ ಮುನ್ನ 30 ಮಂದಿಯನ್ನು ಮೇಲ್ತಟ್ಟಿನಲ್ಲಿ ಅತ್ತಿಂದಿತ್ತ ಓಡಿಸಿ ಪರೀಕ್ಷಿಸಿದಾಗ, ಹಡಗು ಎಷ್ಟು ತೂಗಾಡಿತೆಂದರೆ ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ಆದರೂ 1628ರ ಆಗಸ್ಟ್ 10ರಂದು ಅದು ಸ್ಟಾಕ್‌ಹೋಮಿನಿಂದ ಹೊರಟಿತು. ಸುಮಾರು 1,300 ಮೀಟರು ಸಾಗುವಷ್ಟರಲ್ಲಿ ಬೀಸಿದ ಗಾಳಿಗೆ ವಾಲಿ, ಕೆಳಗಿನ ಫಿರಂಗಿಗಳ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ಇನ್ನಷ್ಟು ಕಲ್ಲನ್ನು ತುಂಬಬಾರದಿತ್ತೆ ಎಂದು ಕೇಳಬಹುದು. ತುಂಬಿದ್ದರೆ ಹಡಗು ಇನ್ನೂ ಇಳಿದು, ಆ ಕಿಂಡಿಗಳೇ ನೀರಿಗೆ ಮತ್ತಷ್ಟು ಸಮೀಪವಾಗುತ್ತಿದ್ದುವು. ಕಟ್ಟುವಾಗಲೇ ಆದ ದೋಷವನ್ನು ಕಲ್ಲು ಹೊರಿಸಿ ತಿದ್ದಲಾಗದು. 1961ರಲ್ಲಿ ಮೇಲೆತ್ತಿದ ಈ ನೌಕೆಯನ್ನು ಇಂದು ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಸರೋವರದ ಹಿತ

ದೊಡ್ಡ ಅಲೆಯು ಆಟಗಾರನನ್ನು ಹಾರಿಸಿದಲ್ಲಿಗೇ ಶಾಂತವಾಗುವುದಿಲ್ಲ. ಅದು ದಂಡೆಗೆ ಹೋಗಿ ಅಪ್ಪಳಿಸಿ ಮಣ್ಣನ್ನು ಕೊರೆಯುವುದು. ಕಟ್ಟಿದ ಚಿಕ್ಕ ದೋಣಿಗಳನ್ನು ಕುಲುಕಾಡಿಸುವುದು. ಆಳವಿಲ್ಲದ ಕಡೆಯಲ್ಲಿ ಪ್ರೊಪೆಲರಿನ ರಭಸಕ್ಕೆ ತಳದ ಕೆಸರೂ ಏಳುವುದು. ಆದಕಾರಣ ಅಮೆರಿಕದ ವರ್ಮಾಂಟ್ ರಾಜ್ಯವು 2024ರಲ್ಲಿ, ದೊಡ್ಡ ಅಲೆಯನ್ನು ಎಬ್ಬಿಸುವ ಇಂತಹ ಆಟಗಳನ್ನು ದಂಡೆಯಿಂದ ಕನಿಷ್ಠ 500 ಅಡಿ ದೂರದಲ್ಲಿ, ಕನಿಷ್ಠ 20 ಅಡಿ ಆಳವಿರುವ ಕಡೆಯಲ್ಲಿ ಮಾತ್ರ ಆಡತಕ್ಕದ್ದೆಂದು ನಿಯಮವನ್ನು ಮಾಡಿತು.

ನೀರಿನ ನಿಲುಭಾರಕ್ಕೆ ಇನ್ನೊಂದು ದೋಷವುಂಟು. ಒಂದು ಕಡೆಯ ನೀರನ್ನು ತುಂಬಿ ಇನ್ನೊಂದು ಕಡೆಯಲ್ಲಿ ಚೆಲ್ಲಿದರೆ ಅದರೊಡನೆ ಕಣ್ಣಿಗೆ ಕಾಣದ ಜೀವಿಗಳೂ ಪ್ರಯಾಣ ಮಾಡುವುವು. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರಗಳ ಪ್ರಾಂತದ ಜೀಬ್ರಾ ಮಸ್ಸೆಲ್ ಎಂಬ ಪಟ್ಟೆಯ ಚಿಪ್ಪುಜೀವಿಯು 1988ರಲ್ಲಿ ಉತ್ತರ ಅಮೆರಿಕದ ಮಹಾ ಸರೋವರಗಳ ಪ್ರದೇಶದಲ್ಲಿ ಕಂಡುಬಂದಿತು. ಹಡಗುಗಳ ನಿಲುಭಾರದ ನೀರೇ ಅದನ್ನು ತಂದಿತೆಂದು ವಿಜ್ಞಾನಿಗಳು ತಿಳಿಯುವರು. ಅದು ನೀರಿನ ಕೊಳವೆಗಳಲ್ಲಿ ಒತ್ತೊತ್ತಾಗಿ ಅಂಟಿ ಬೆಳೆದು ಅವುಗಳ ಬಾಯಿ ಕಟ್ಟುವುದು. ಅಲ್ಲಿಯ ಮೂಲ ಜೀವಿಗಳ ಆಹಾರವನ್ನೂ ಕಸಿಯುವುದು. ಹಡಗುಗಳ ನಿಲುಭಾರದ ನೀರನ್ನು ಶುದ್ಧಿಗೊಳಿಸುವುದಕ್ಕಾಗಿ ಏರ್ಪಟ್ಟ ಅಂತರರಾಷ್ಟ್ರೀಯ ಒಪ್ಪಂದವು 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂದಿತು. ಚಿಕ್ಕ ದೋಣಿಯವನ ಕರ್ತವ್ಯವೂ ಇದೇ: ಒಂದು ಸರೋವರದಿಂದ ಹೊರಡುವ ಮುನ್ನ ತೊಟ್ಟಿಯನ್ನು ಬರಿದುಮಾಡಿ, ತೊಳೆದು, ಒಣಗಿಸತಕ್ಕದ್ದು.

ಒಂದು ಪ್ರಯೋಗ

ಅಗಲವಾದ ಬಾಯಿಯ ತಗಡಿನ ಡಬ್ಬಿಯೊಂದನ್ನು ನೀರು ತುಂಬಿದ ಬಕೆಟ್ಟಿನಲ್ಲಿ ತೇಲಿಸಿರಿ. ನೀರು ಮುಟ್ಟುವ ಮಟ್ಟಕ್ಕೆ ಬಣ್ಣದಿಂದ ಗೆರೆ ಎಳೆಯಿರಿ. ಹತ್ತು ನಾಣ್ಯಗಳನ್ನು ತಳದಲ್ಲಿ ಸಮವಾಗಿ ಹರಡಿ ಗೆರೆಯು ಎಷ್ಟು ಇಳಿದುದೆಂದು ಅಳೆಯಿರಿ. ಅನಂತರ ಅವೇ ನಾಣ್ಯಗಳನ್ನು ಒಂದು ಮೂಲೆಗೆ ಸೇರಿಸಿರಿ. ಆ ಮೇಲೆ ನಾಣ್ಯಗಳನ್ನು ತೆಗೆದು ಡಬ್ಬಿಗೆ ಅರ್ಧದಷ್ಟು ನೀರು ಹಾಕಿ, ಮೆಲ್ಲನೆ ವಾಲಿಸಿ ಬಿಡಿರಿ. ಮೂರು ಸಲವೂ ಡಬ್ಬಿಯು ಹೇಗೆ ನಡೆದುಕೊಂಡಿತೆಂಬುದನ್ನು ಬರೆದಿಡಿರಿ.

ಅಭ್ಯಾಸ

1. ಮೇಲಿನ ಲೆಕ್ಕದ ದೋಣಿಗೆ 600 ಲೀಟರು ನೀರನ್ನು ಮಾತ್ರ ತುಂಬಿದರೆ ಅದು ಎಷ್ಟು ಇಳಿಯುವುದು?

2. ಅದೇ ತೂಕದ ನೀರು ಮತ್ತು ಸೀಸಗಳಲ್ಲಿ, ದೋಣಿಯು ಮುಳುಗುವ ಸಮಯದಲ್ಲಿ ಯಾವುದು ಹೆಚ್ಚು ಅಪಾಯಕರ? ಏಕೆ?

3. ಸಿಹಿನೀರಿನಲ್ಲಿ ಹಡಗು ಸಮುದ್ರಕ್ಕಿಂತ ಹೆಚ್ಚು ಆಳಕ್ಕೆ ಇಳಿಯುವುದೇಕೆ?

4. ದೋಣಿಯಲ್ಲಿ ಸ್ಥಳವಿದೆಯೆಂಬುದು ಇನ್ನೊಬ್ಬನನ್ನು ಹತ್ತಿಸಿಕೊಳ್ಳಲು ಸಾಕಾದ ಕಾರಣವೆ? ಯೋಚಿಸಿ ಉತ್ತರಿಸಿರಿ.