ಬೋಗುಣಿಯಿಂದ ಗೋಡೆಯ ಕೊಳವೆಗೆ

ಕೈ ತೊಳೆಯಲು ಬಚ್ಚಲುಮನೆಯ ಗೋಡೆಗೆ ಕೂಡಿಸಿರುವ ಬೋಗುಣಿಯನ್ನು ನಾವೆಲ್ಲರೂ ಬಲ್ಲೆವು. ಬೇಸಿನ್ ಎಂಬುದು ಅದರ ರೂಢಿಯ ಹೆಸರು. ಆದರೆ ಬಗ್ಗಿ ಅದರ ಅಡಿಯನ್ನು ನೋಡಿದವರು ವಿರಳ. ನೋಡಿದರೆ ಅಲ್ಲೊಂದು ವಿಚಿತ್ರವು ಕಾಣುವುದು. ಬೋಗುಣಿಯಿಂದ ಇಳಿದ ಕೊಳವೆಯು ನೇರವಾಗಿ ಗೋಡೆಯನ್ನು ಸೇರದೆ, ಕೆಳಕ್ಕೆ ಬಾಗಿ, ಮತ್ತೆ ಮೇಲಕ್ಕೇರಿ, ಆಮೇಲೆ ಗೋಡೆಯನ್ನು ಹೊಗುವುದು. ನೀರು ಬೇಗ ಹರಿದುಹೋಗಲೆಂದು ಮಾಡಿದ ಕೊಳವೆಗೆ ಈ ಡೊಂಕು ಏತಕ್ಕೆ?

ನಮ್ಮ ಮನೆಯಲ್ಲಿ ಹಳೆಯ ಬೋಗುಣಿಯನ್ನು ತೆಗೆದು ಹೊಸದನ್ನು ಕೂಡಿಸಿದಾಗ ಈ ಪ್ರಶ್ನೆ ನಮಗೆ ಎದುರಾಯಿತು. ಹೊಸ ಬೋಗುಣಿಯ ತೂತು ಗೋಡೆಯ ಕೊಳವೆಗಿಂತ 6 ಸೆಂಟಿಮೀಟರು ಬಲಕ್ಕೆ ಬಂದಿತ್ತು. ಹಳೆಯ ಕೊಳವೆ ಹೊಂದಲಿಲ್ಲ. ಕೆಲಸಗಾರನು ಅದನ್ನು ಬದಿಗಿರಿಸಿ, ಬೇಕಾದಂತೆ ಬಳುಕುವ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯೊಂದನ್ನು ಬೋಗುಣಿಗೆ ಸಿಕ್ಕಿಸಿ, ಓರೆಯಾಗಿ ಎಳೆದು ಗೋಡೆಗೆ ತುರುಕಿದನು. ನೀರು ಸೊಗಸಾಗಿಯೇ ಹರಿಯಿತು. ಆದರೆ ಕೆಲವೇ ದಿನಗಳಲ್ಲಿ ಕೋಣೆಯ ತುಂಬ ಕೊಳೆತ ಮೊಟ್ಟೆಯ ನಾತ!

ಕಾರಣವು ಸುಲಭವಾದುದು. ಗೋಡೆಯ ಕೊಳವೆಯ ಮತ್ತೊಂದು ತುದಿ ಚರಂಡಿಯಲ್ಲಿರುವುದು. ಅಲ್ಲಿ ಕೊಳೆಯುವ ಪದಾರ್ಥಗಳಿಂದ ಹೈಡ್ರೊಜನ್ ಸಲ್ಫೈಡ್, ಮೀಥೇನ್ ಮೊದಲಾದ ಅನಿಲಗಳು ಹುಟ್ಟುವುವು. ನೀರು ಹೊರಹೋಗುವ ದಾರಿಯಲ್ಲಿಯೇ ಅವು ಒಳಬರಬಲ್ಲುವು. ನೀರಿಗೆ ತೆರೆದು ಗಾಳಿಗೆ ಮುಚ್ಚಿರುವ ಬಾಗಿಲೊಂದು ಬೇಕು. ಕೊಳವೆಯ ಡೊಂಕೇ ಆ ಬಾಗಿಲು. ಪ್ರತಿಸಲವೂ ಕೊನೆಯಲ್ಲಿ ಬಂದ ನೀರು ಅದರ ತಳದಲ್ಲಿ ನಿಂತು ದಾರಿಯನ್ನು ಮುಚ್ಚುವುದು. ಈ ನೀರಿನ ಬೀಗವು ಸಾಮಾನ್ಯವಾಗಿ 5 ರಿಂದ 10 ಸೆಂಟಿಮೀಟರು ಆಳವಿರುವುದು. 1775ರಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕನು ಇಂತಹ ಬಾಗಿದ ಕೊಳವೆಯುಳ್ಳ ಶೌಚೋಪಕರಣಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದನು.

ಈ ಬೀಗವು ಕೇವಲ ದುರ್ವಾಸನೆಯನ್ನು ತಡೆಯಲು ಇರುವುದೆಂದು ತಿಳಿಯಬಾರದು. 2003ರಲ್ಲಿ ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ಎಂಬ ವಸತಿ ಸಮೂಹದಲ್ಲಿ ಸಾರ್ಸ್ ರೋಗವು 300ಕ್ಕೂ ಹೆಚ್ಚು ಮಂದಿಗೆ ತಗಲಿತು. 42 ಮಂದಿ ಮೃತರಾದರು. ಅಲ್ಲಿನ ಅನೇಕ ಬಚ್ಚಲುಗಳ ನೆಲದ ಬಾಗುಕೊಳವೆಗಳಲ್ಲಿ ನೀರು ಒಣಗಿಹೋಗಿದ್ದಿತೆಂದೂ, ಗಾಳಿಯನ್ನು ಹೊರದೂಡುವ ಪಂಖಗಳು ತಿರುಗಿದಾಗ ಕೊಳವೆಯೊಳಗಿನ ಸೋಂಕಿನ ಹನಿಗಳು ಮನೆಗಳೊಳಕ್ಕೆ ಸೆಳೆಯಲ್ಪಟ್ಟಿರಬೇಕೆಂದೂ ತನಿಖೆ ನಡೆಸಿದವರು ನಿರ್ಣಯಿಸಿದರು. ಒಂದು ಚೊಂಬು ನೀರಿನ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುವುದು.

ಹಾಗಾದರೆ ಬಳುಕುವ ಕೊಳವೆಯನ್ನೇ ಡೊಂಕಾಗಿ ಬಗ್ಗಿಸಿ ಕಟ್ಟಿದರೆ ಸಾಲದೆ? ಸಾಲದು. ಮೊದಲನೆಯದಾಗಿ, ಅದರ ಸುಕ್ಕುಗಳಲ್ಲಿ ಕೂದಲೂ ಸೋಪಿನ ಜಿಡ್ಡೂ ಸಿಕ್ಕಿಕೊಳ್ಳುವುವು. ಎರಡನೆಯದಾಗಿ, ಮೇಲೇರಿದ ಕೊಳವೆಯು ಮತ್ತೆ ನೆಟ್ಟಗೆ ಕೆಳಗಿಳಿದರೆ ಅದು ಪೂರ್ತಿಯಾಗಿ ತುಂಬಿ ಹರಿದು, ತನ್ನ ಹಿಂದಿನ ನೀರನ್ನೂ ಎಳೆದುಕೊಂಡು ಹೋಗಬಹುದು. ರಬ್ಬರು ಕೊಳವೆಯಿಂದ ಬಕೆಟ್ಟನ್ನು ಬರಿದುಮಾಡುವ ಸೈಫನ್ನಿನ ತತ್ತ್ವವೇ ಇದು. ಬೀಗದ ನೀರೇ ಹೊರಟುಹೋದ ಮೇಲೆ ಡೊಂಕಿದ್ದೂ ಪ್ರಯೋಜನವಿಲ್ಲ. ಆದುದರಿಂದಲೇ ಡೊಂಕಿನಿಂದ ಗೋಡೆಗೆ ಹೋಗುವ ತೋಳನ್ನು ಹೆಚ್ಚುಕಡಿಮೆ ಅಡ್ಡವಾಗಿ ಇಡುವರು. ಅದರಲ್ಲಿ ಹರಿಯುವ ನೀರಿನ ಮೇಲೆ ಗಾಳಿಗೂ ಎಡೆಯುಂಟು, ಎಳೆತವು ಹುಟ್ಟುವುದಿಲ್ಲ.

ಈಗ 6 ಸೆಂಟಿಮೀಟರಿನ ತೊಡಕನ್ನು ಬಿಡಿಸೋಣ. ಗಟ್ಟಿ ಪ್ಲಾಸ್ಟಿಕ್ಕಿನ ಬಾಗುಕೊಳವೆಯು ಒಂದೇ ತುಂಡಲ್ಲ. ಬೋಗುಣಿಯಿಂದ ಇಳಿದ ಕೊಳವೆಯ ಸುತ್ತ ಡೊಂಕು ತಿರುಗಬಲ್ಲುದು. ಡೊಂಕಿನ ಇನ್ನೊಂದು ಬಾಯಲ್ಲಿ ತೋಳು ತಿರುಗಬಲ್ಲುದು. ಬಾಗಿಲಿನ ಎರಡು ತಿರುಗಣಿಗಳಂತೆ ಇವನ್ನು ಭಾವಿಸಬಹುದು. ಇವುಗಳ ನಡುವಣ ದೂರವು 10 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಡೊಂಕು ನೇರವಾಗಿ ಗೋಡೆಯ ಕಡೆ ಮುಖಮಾಡಿದ್ದರೆ ತೋಳು ಬೋಗುಣಿಯ ತೂತಿನ ನೇರದಲ್ಲಿಯೇ ಇರುವುದು. ಡೊಂಕನ್ನು ಎಡಕ್ಕೆ ತಿರುಗಿಸುತ್ತ ಹೋದರೆ ತೋಳೂ ಎಡಕ್ಕೆ ಸರಿಯುವುದು. ಅದು 6 ಸೆಂಟಿಮೀಟರು ಸರಿದಾಗ ಗೋಡೆಯ ಕಡೆಗಿನ ದೂರವು ಎಷ್ಟು ಉಳಿಯುವುದು? ಪೈಥಾಗೊರಸನ ಪ್ರಮೇಯವನ್ನು ನೆನೆಯಿರಿ: 100ರಲ್ಲಿ 36 ಕಳೆದರೆ 64, ಅದರ ವರ್ಗಮೂಲ 8. ಅಂದರೆ ತೋಳನ್ನು ಗೋಡೆಯ ಕೊಳವೆಯಿಂದ 2 ಸೆಂಟಿಮೀಟರಿನಷ್ಟು ಹೊರಕ್ಕೆಳೆದರೆ ಎಲ್ಲವೂ ಹೊಂದಿಕೊಳ್ಳುವುದು. ತೋಳು ಮಾತ್ರ ಗೋಡೆಯನ್ನು ನೆಟ್ಟಗೆ ಹೊಗಬೇಕು; ಓರೆಯಾಗಿ ತುರುಕಿದ ಜೋಡಣೆಯು ಸೋರದೆ ಇರದು.

ಎತ್ತರದ ವ್ಯತ್ಯಾಸಕ್ಕೆ ಉಪಾಯವು ಬೇರೆ. ಗೋಡೆಯ ಕೊಳವೆ ತೀರ ಕೆಳಗಿದ್ದರೆ ಬೋಗುಣಿಯ ಕೊಳವೆಗೆ ಒಂದು ತುಂಡನ್ನು ಸೇರಿಸಬೇಕು. ಕೊಂಚ ಮೇಲಿದ್ದರೆ ಅದನ್ನು ಕತ್ತರಿಸಬೇಕು. ಡೊಂಕಿನ ಬಾಯಿಗಿಂತ ಗೋಡೆಯ ಕೊಳವೆ ಮೇಲೆಯೇ ಉಳಿದರೆ ಯಾವ ಯುಕ್ತಿಯೂ ನಡೆಯದು. ಗೋಡೆಯನ್ನು ಒಡೆದು ಕೊಳವೆಯನ್ನು ಇಳಿಸಲೇಬೇಕು.

ತೋಳಿಗೆ ಒಂದು ಮೀಟರಿಗೆ ಸುಮಾರು 2 ಸೆಂಟಿಮೀಟರು ಇಳಿಜಾರು ಸಾಕು. ಹೆಚ್ಚಾದರೆ ಒಳ್ಳೆಯದೆಂದು ಭಾವಿಸಬೇಡಿರಿ. ಇಳಿಜಾರು ಮಿತಿಮೀರಿದರೆ ಸೈಫನ್ನಿನ ಎಳೆತವು ಮರಳಿ ಬರುವುದು. ವಾಷರಿನ ಸಪುರವಾದ ಅಂಚನ್ನು ಜೋಡಣೆಯ ಒಳಗಡೆಗಿರಿಸಿ, ನಟ್ಟನ್ನು ಕೈಯಿಂದಲೇ ಬಿಗಿಮಾಡಬೇಕು. ಬಲಾತ್ಕಾರಕ್ಕೆ ಪ್ಲಾಸ್ಟಿಕ್ಕು ಸೀಳುವುದು.

ಕೆಲಸವು ಸರಿಯಾಯಿತೇ ಎಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಮೊದಲು ನಲ್ಲಿಯ ನೀರನ್ನು ನಿಧಾನವಾಗಿ ಬಿಟ್ಟು ನಿಲ್ಲಿಸಿರಿ. ಅಡಿಯಲ್ಲಿ ಪಾತ್ರೆಯನ್ನಿಟ್ಟು, ಡೊಂಕನ್ನು ಬಿಚ್ಚಿ, ಅದರಲ್ಲಿದ್ದ ನೀರನ್ನು ಅಳೆಯಿರಿ. ಮತ್ತೆ ಕೂಡಿಸಿ, ಬೋಗುಣಿಯನ್ನು ತುಂಬಿಸಿ, ಒಮ್ಮೆಲೆ ಬಿಟ್ಟು, ಎರಡನೆಯ ಸಲ ಅಳೆಯಿರಿ. ಎರಡು ಅಳತೆಗಳೂ ಹೆಚ್ಚುಕಡಿಮೆ ಸಮವಾದರೆ ಬೀಗವು ಭದ್ರವಾಗಿದೆ. ಎರಡನೆಯದು ಬಹಳ ಕಡಿಮೆಯಾದರೆ ಎಲ್ಲಿಯೋ ಸೈಫನ್ನು ನಡೆಯುತ್ತಿದೆ.

ನಮ್ಮ ಮನೆಯಲ್ಲಿ ಬಳುಕುವ ಕೊಳವೆಯನ್ನು ಕಿತ್ತು, ಬಾಗುಕೊಳವೆಯನ್ನು ಈ ರೀತಿ ತಿರುಗಿಸಿ ಕೂಡಿಸಿದೆವು. ಮಾರನೆಯ ದಿನವೇ ನಾತವು ಅಡಗಿತು. ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿ ಬಹು ದಿನಗಳ ಮೇಲೆ ಮನೆಗೆ ಮರಳಿದಾಗ ಬೀಗದ ನೀರು ಆರಿಹೋಗಿರುವುದುಂಟು. ಮನೆಯ ಬಾಗಿಲನ್ನು ತೆರೆದೊಡನೆ ಬೋಗುಣಿಗೂ ಬಚ್ಚಲಿಗೂ ಒಂದೊಂದು ಚೊಂಬು ನೀರು ಹೊಯ್ದು, ಆ ಬಾಗಿಲನ್ನು ಮುಚ್ಚಲು ಮರೆಯದಿರೋಣ.