ಕೆರೆ ಮತ್ತು ಕಾಲುವೆ

ಮೈಸೂರು ನಗರದಲ್ಲಿ ದೊಡ್ಡಕೆರೆ ಎಂಬ ಹೆಸರಿನ ಸ್ಥಳವಿದೆ. ಅಲ್ಲಿ ಈಗ ನೀರಿಲ್ಲ; ದಸರೆಯ ವಸ್ತುಪ್ರದರ್ಶನ ನೆರೆಯುವ ಮೈದಾನವಿದೆ. ಸುಬ್ಬರಾಯನಕೆರೆಯಲ್ಲಿಯೂ ಕೆರೆಯಿಲ್ಲ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಜನರು ಸಭೆ ಸೇರುತ್ತಿದ್ದ ಬಯಲು ಅದು. ಜೀವಣ್ಣರಾಯನ ಕಟ್ಟೆಯ ಕಥೆಯೂ ಇದೇ. ನೀರು ಹೋಗಿದೆ, ಹೆಸರು ಮಾತ್ರ ನಿಂತಿದೆ. ಈ ಕೆರೆಗಳನ್ನು ಮುಚ್ಚಿದವರನ್ನು ಇಂದು ಹಳಿಯುವುದು ಸುಲಭ. ಆದರೆ ಊರಿನ ಕೊಳೆಯೆಲ್ಲ ಬಂದು ಸೇರುತ್ತಿದ್ದ ಕೆರೆ ಸೊಳ್ಳೆಗಳಿಗೂ ರೋಗಗಳಿಗೂ ತವರಾಗಿತ್ತು. ಪ್ಲೇಗಿನ ಹಾವಳಿಯಿಂದ ತತ್ತರಿಸಿದ್ದ ಆ ಕಾಲದ ಜನರಿಗೆ ಕೆರೆಗಿಂತ ಒಣನೆಲವೇ ಕ್ಷೇಮವೆಂದು ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಕಾವೇರಿಯ ನೀರು ಕೊಳವೆಗಳಲ್ಲಿ ಮನೆಬಾಗಿಲಿಗೆ ಬಂದ ಮೇಲೆ ಕೆರೆಯನ್ನು ಕಾಯುವ ಅಗತ್ಯವೂ ಯಾರಿಗೂ ಕಾಣಲಿಲ್ಲ.

ಹೀಗೆ ಅಳಿಯದೆ ಉಳಿದ ಕೆರೆಗಳಲ್ಲಿ ಕುಕ್ಕರಹಳ್ಳಿ ಕೆರೆ ಮುಖ್ಯವಾದುದು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಇದನ್ನು ಕಟ್ಟಿಸಿದರು. ಅಂದು ಊರಿನ ಹೊರಗಿದ್ದ ಈ ಕೆರೆ ಇಂದು ನಗರದ ನಡುವೆ, ಮಾನಸಗಂಗೋತ್ರಿಯ ಪಕ್ಕದಲ್ಲಿದೆ. ಮಹಾಕವಿ ಕುವೆಂಪು ಅವರು ವಾಯುಸಂಚಾರ ಮಾಡುತ್ತಿದ್ದುದು ಇದರ ಏರಿಯ ಮೇಲೆಯೇ. ಕೆರೆಯ ನಡುಗಡ್ಡೆಗಳ ಮರಗಳಲ್ಲಿ ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ, ಹೆಜ್ಜಾರ್ಲೆಗಳು ನೆಲೆಸುತ್ತವೆ. ನಾಲ್ಕೂ ಕಡೆ ವಾಹನಗಳ ಸದ್ದಿದ್ದರೂ ಹೆಜ್ಜಾರ್ಲೆಯು ಅಗಲವಾದ ರೆಕ್ಕೆಗಳನ್ನು ಚಾಚಿ ನೀರಿಗೆ ಇಳಿಯುವಾಗ ಏರಿಯ ಮೇಲೆ ನಡೆಯುವವರು ಒಂದು ಕ್ಷಣ ನಿಲ್ಲುತ್ತಾರೆ.

ಈ ಹಕ್ಕಿಗಳಿಗೆ ಒಂದೇ ಆಸರೆ ಸಾಲದು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿ ಗೂಡು ಕಟ್ಟುವ ಹಕ್ಕಿಯೂ ಆಹಾರಕ್ಕಾಗಿ ಸುತ್ತಣ ಕೆರೆಕಟ್ಟೆಗಳನ್ನು ಅರಸಿ ಹೋಗಲೇಬೇಕು. ಧಾಮವನ್ನು ಕಾಪಾಡಿ ಕೆರೆಗಳನ್ನು ಕಳೆದುಕೊಂಡರೆ ಮನೆಯನ್ನು ಉಳಿಸಿ ಉಗ್ರಾಣವನ್ನು ಸುಟ್ಟಂತಾಗುತ್ತದೆ.

ಕೆರೆಯನ್ನು ಉಳಿಸುವುದೆಂದರೆ ಸುತ್ತ ಬೇಲಿ ಹಾಕಿ ಕಾಲುದಾರಿ ಮಾಡುವುದೆಂದು ಅನೇಕರು ತಿಳಿದಿದ್ದಾರೆ. ಕೆರೆ ತಾನಾಗಿ ತುಂಬುವುದಿಲ್ಲ. ಕುಕ್ಕರಹಳ್ಳಿ ಕೆರೆಗೆ ನೀರು ತರುತ್ತಿದ್ದುದು ಪೂರ್ಣಯ್ಯ ಕಾಲುವೆ. ಕಾವೇರಿಯನ್ನು ಮೈಸೂರಿಗೆ ತರಬೇಕೆಂದು ದಿವಾನ್ ಪೂರ್ಣಯ್ಯನವರು ತೊಡಗಿದ ಆ ಕಾರ್ಯ ಕೈಗೂಡಲಿಲ್ಲ. ನಗರದೊಳಗಿನ ಅದರ ಭಾಗವನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಮುಚ್ಚಿದರು. ಜಂಬೂಸವಾರಿ ಸಾಗುವ ಇಂದಿನ ಸಯ್ಯಾಜಿರಾವ್ ರಸ್ತೆ ಹಾದಿರುವುದು ಅದರ ಮೇಲೆಯೇ! ನದಿಯ ನೀರು ಬರಲಿಲ್ಲವಾದರೂ ಊರಿನ ಪಶ್ಚಿಮಕ್ಕೆ ಉಳಿದ ಕಾಲುವೆ ಹೊಲಗಳ ಮಳೆನೀರನ್ನು ಕೂಡಿಸಿಕೊಂಡು ಕೆರೆಗೆ ಒಪ್ಪಿಸುತ್ತಿತ್ತು. ಸೋತ ಯೋಜನೆಯೊಂದು ಹೀಗೆ ಬೇರೊಂದು ರೀತಿಯಲ್ಲಿ ಉಪಯೋಗಕ್ಕೆ ಬಂದಿತು.

ಕಾಲಕ್ರಮದಲ್ಲಿ ಆ ಹೊಲಗಳು ಬಡಾವಣೆಗಳಾದವು. ಕಾಲುವೆಯಲ್ಲಿ ಮಳೆನೀರಿನ ಜೊತೆಗೆ ಮನೆಗಳ ಕೊಳಚೆಯೂ ಹರಿಯತೊಡಗಿತು. ಕೊಳಚೆಯಲ್ಲಿ ಗೊಬ್ಬರದ ಸತ್ವವಿರುತ್ತದೆ. ಅದನ್ನುಂಡು ಪಾಚಿ ಮಿತಿಮೀರಿ ಬೆಳೆಯುತ್ತದೆ. ಅಂತರಗಂಗೆ ನೀರಿನ ಮೇಲೆ ಚಾಪೆಯಂತೆ ಹಬ್ಬುತ್ತದೆ. ಹಗಲಿನಲ್ಲಿ ಪಾಚಿ ಆಮ್ಲಜನಕವನ್ನು ಕೊಡುತ್ತದೆಯಾದರೂ ರಾತ್ರಿ ತಾನೇ ಅದನ್ನು ಬಳಸಿಕೊಳ್ಳುತ್ತದೆ. ಸತ್ತ ಪಾಚಿ ಕೊಳೆಯುವಾಗಲೂ ಆಮ್ಲಜನಕ ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಇಂಥ ಕೆರೆಗಳಲ್ಲಿ ಮೀನುಗಳು ಹೆಚ್ಚಾಗಿ ಬೆಳಗಿನ ಜಾವದಲ್ಲಿ ಸಾಯುತ್ತವೆ. ಮೀನಿಲ್ಲದ ಕೆರೆಯಲ್ಲಿ ಹೆಜ್ಜಾರ್ಲೆಗೇನು ಕೆಲಸ?

ಹಾಗಾದರೆ ಕಾಲುವೆಯನ್ನೇ ಕಟ್ಟಿಬಿಟ್ಟರೆ? ಕೊಳಚೆ ನಿಲ್ಲುತ್ತದೆ, ಅದರ ಜೊತೆಯಲ್ಲಿ ಮಳೆನೀರೂ ನಿಲ್ಲುತ್ತದೆ. ಬೇಸಗೆಯಲ್ಲಿ ಕೆರೆ ತಗ್ಗಿ ನಡುಗಡ್ಡೆಗೂ ದಡಕ್ಕೂ ನಡುವೆ ಒಣದಾರಿ ಬಿದ್ದರೆ ನಾಯಿಗಳು ಗೂಡಿನ ಮರಗಳ ಬುಡಕ್ಕೆ ಸುಲಭವಾಗಿ ಹೋಗಬಲ್ಲವು. ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸಿ, ಮಳೆನೀರಿನ ದಾರಿಯನ್ನು ಮಾತ್ರ ತೆರೆದಿಡುವುದೊಂದೇ ಸರಿಯಾದ ಉಪಾಯ. ಅದು ಬೇಲಿ ಹಾಕುವುದಕ್ಕಿಂತ ಬಹಳ ಕಷ್ಟದ ಕೆಲಸ. ಕೆರೆಯಾದರೋ ವಿಶ್ವವಿದ್ಯಾನಿಲಯದ ವಶದಲ್ಲಿದೆ. ಕಾಲುವೆ ಹಾಗಲ್ಲ, ಅದು ಬಡಾವಣೆ, ರಸ್ತೆ, ನಿವೇಶನಗಳ ನಡುವೆ ಹಾದುಬರಬೇಕು.

ನಗರದ ಪೂರ್ವಕ್ಕಿರುವ ಕಾರಂಜಿಕೆರೆಯ ಸ್ಥಿತಿಯೂ ಇದಕ್ಕೆ ದೂರವಲ್ಲ. 1976ರಿಂದ ಅದು ಮೃಗಾಲಯದ ಆಡಳಿತಕ್ಕೆ ಸೇರಿದೆ. ಒಂದು ಕಾಲಕ್ಕೆ ಕೊಳಚೆಯಿಂದ ಕೆಟ್ಟಿದ್ದ ಆ ಕೆರೆ ಜೀರ್ಣೋದ್ಧಾರಗೊಂಡು ಇಂದು ಪ್ರಕೃತಿ ಉದ್ಯಾನವಾಗಿದೆ. ಅದಕ್ಕೆ ನೀರು ಬರುವುದು ಚಾಮುಂಡಿ ಬೆಟ್ಟದ ಇಳಿಜಾರಿನಿಂದ. ಬೆಟ್ಟದ ಕಾಡು ಮಳೆಯನ್ನು ತಡೆದು ಮೆಲ್ಲಗೆ ಬಿಟ್ಟುಕೊಟ್ಟರೆ ಕೆರೆಗೆ ಕ್ಷೇಮ. 2021ರ ಮಳೆಗಾಲದಲ್ಲಿ ಬೆಟ್ಟದ ನಂದಿಯ ರಸ್ತೆ ಕುಸಿದುದನ್ನು ಮೈಸೂರಿಗರು ಮರೆತಿಲ್ಲ.

ಅದೇ ವರ್ಷ ಲಲಿತಮಹಲ್ ಅರಮನೆಯ ಬಳಿ ಹೆಲಿಕಾಪ್ಟರ್ ಪ್ರವಾಸಕ್ಕಾಗಿ ಮರಗಳನ್ನು ಕಡಿಯುವ ಯೋಚನೆ ಹೊರಟಿತು. ಪೌರರು ವಿರೋಧಿಸಿದರು, ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮರಕ್ಕೆ ಕೊಡಲಿ ಬೀಳುವುದಾದರೆ ದಾರಿಹೋಕನಿಗೂ ತಿಳಿಯುತ್ತದೆ. ಕಾಲುವೆ ಕಿರಿದಾಗುವುದು ಹಾಗೆ ತಿಳಿಯುವುದಿಲ್ಲ. ಒಬ್ಬರು ಒಂದಡಿ ಒತ್ತುತ್ತಾರೆ, ಇನ್ನೊಬ್ಬರು ಮನೆ ಕಟ್ಟಿದ ಮಣ್ಣನ್ನು ಸುರಿಯುತ್ತಾರೆ. ಹಳ್ಳಿಗಳ ಹಳೆಯ ನಕಾಶೆಗಳಲ್ಲಿ ಹಳ್ಳ ಕಾಲುವೆಗಳನ್ನು ಗೆರೆಯೆಳೆದು ಗುರುತಿಸಿರುತ್ತಾರೆ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವ ಮುನ್ನ ಆ ಗೆರೆಗಳನ್ನು ನೆಲದ ಮೇಲೆ ಹುಡುಕಿ ನೋಡಬೇಕಾದುದು ಇದಕ್ಕಾಗಿಯೇ.