ಹಳದಿ ದೀಪದ ಬಾಯಿ ಮುಚ್ಚಿಸಬೇಡ

ನೋಡಪ್ಪ, ಹಳೇ ಲಾಡ್ಜಿಗೆ ವೈರ್‌ಲೆಸ್ ಫೈರ್ ಅಲಾರಂ ಹಾಕುವ ಕೆಲಸ ನಿನ್ನ ಕೈಗೆ ಬಂದಿದೆ ಅಂತ ಕೇಳಿ ಸಂತೋಷವಾಯಿತು. ಗಾರೆ ಗೋಡೆ, ಮರದ ತೊಲೆ, ದಿನವೂ ತುಂಬಿರುವ ರೂಮುಗಳು. ಅಲ್ಲಿ ಗೋಡೆ ಕೊರೆದು ಕಂಡ್ಯೂಟ್ ಎಳೆಯಲು ಮಾಲೀಕರು ಒಪ್ಪದಿರುವುದು ಸರಿಯೇ. ವೈರ್‌ಲೆಸ್ ಇರುವುದೇ ಇಂಥ ಕಟ್ಟಡಕ್ಕಾಗಿ. ಆದರೆ ತಂತಿ ಇಲ್ಲ ಅಂದಮಾತ್ರಕ್ಕೆ ಕೆಲಸ ಹಗುರ ಅಂದುಕೊಳ್ಳಬೇಡ.

ಕೆಳಗಿನ ಮಹಡಿಯಲ್ಲಿ ಈಗಾಗಲೇ ಇರುವ ಪ್ಯಾನೆಲ್ ಬದಲಿಸಬೇಕಿಲ್ಲ. ಅದರ ಲೂಪ್ ಮೇಲೆ ವೈರ್‌ಲೆಸ್ ಮಾಡ್ಯೂಲ್ ಕೂರಿಸಿದರೆ, ಅದು ಡಿಟೆಕ್ಟರುಗಳ ಸಿಗ್ನಲ್ ಹಿಡಿದು ಪ್ಯಾನೆಲ್‌ಗೆ ದಾಟಿಸುತ್ತದೆ. ಮಾಡ್ಯೂಲು ಆ ಪ್ಯಾನೆಲ್‌ಗೆ ಒಪ್ಪುವಂಥದ್ದೇ ಆಗಿರಬೇಕು, ಲೂಪ್‌ನಲ್ಲಿ ಅಷ್ಟು ಅಡ್ರೆಸ್ ಖಾಲಿ ಇರಬೇಕು. ಕೆಲವರು ತಾಪತ್ರಯವೇ ಬೇಡ ಅಂತ ಇಡೀ ವೈರ್‌ಲೆಸ್ ಭಾಗವನ್ನು ಒಂದೇ ರಿಲೇಗೆ ಕಟ್ಟಿ ಒಂದೇ ಝೋನ್ ಮಾಡಿಬಿಡುತ್ತಾರೆ. ನೀನು ಹಾಗೆ ಮಾಡಬೇಡ. ರಾತ್ರಿ ಎರಡು ಗಂಟೆಗೆ ಕೌಂಟರಿನ ಹುಡುಗನಿಗೆ ಪ್ಯಾನೆಲ್ ಮೇಲೆ ‘2ನೇ ಮಹಡಿ, ರೂಮ್ 207’ ಅಂತ ಕಾಣಬೇಕು. ‘ವೈರ್‌ಲೆಸ್ ಫೈರ್’ ಅಂತ ಕಂಡರೆ ಅವನು ಯಾವ ಬಾಗಿಲು ತಟ್ಟಬೇಕು?

ಸಾಮಾನು ತರಿಸುವ ಮುಂಚೆ ಡಬ್ಬದ ಮೇಲಿನ ಫ್ರೀಕ್ವೆನ್ಸಿ ಓದು. ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ ಪಟ್ಟಿಗಳಲ್ಲೊಂದು 865ರಿಂದ 868 ಮೆಗಾಹರ್ಟ್ಸ್. ಯುರೋಪಿಗೆಂದು ತಯಾರಾದ ಎಷ್ಟೋ ಉಪಕರಣ 868ರಿಂದ ಮೇಲಕ್ಕೆ, ಅಂದರೆ ಆ ಪಟ್ಟಿಯ ಹೊರಗೆ, ಕೆಲಸ ಮಾಡುತ್ತವೆ.

ಸಿಗ್ನಲ್ ಸರ್ವೆಯನ್ನು ಖಾಲಿ ಕಟ್ಟಡದಲ್ಲಿ, ಬಾಗಿಲು ತೆರೆದಿಟ್ಟು ಮಾಡಬೇಡ. ಎಲ್ಲ ಬಾಗಿಲು ಹಾಕಿಸು. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್, ಲಿಫ್ಟ್, ಪ್ಲಾಸ್ಟರಿನೊಳಗಿನ ಜಾಲರಿ, ಎಲ್ಲವೂ ಸಿಗ್ನಲ್ ತಿನ್ನುತ್ತವೆ. ಲಿಫ್ಟ್ ಒಂದೊಂದು ಮಹಡಿಯಲ್ಲಿ ನಿಂತಾಗಲೂ ಮೀಟರ್ ನೋಡು. ‘ಸಿಕ್ಕಿತು’ ಅನ್ನುವಷ್ಟು ಸಿಗ್ನಲ್ ಸಾಲದು, ಮೇಲೆ ಸ್ವಲ್ಪ ಮಿಗಬೇಕು. ಸಿಗ್ನಲ್ ದುರ್ಬಲವಾದ ಕಡೆ ಡಿಟೆಕ್ಟರು ಮತ್ತೆ ಮತ್ತೆ ಕಳಿಸಲು ಒದ್ದಾಡಿ ಸೆಲ್ಲನ್ನೂ ಬೇಗ ಮುಗಿಸುತ್ತದೆ.

ಈಗ ನಾನು ಹೇಳಲೇಬೇಕಾದ ಮಾತು. ತಂತಿ ಕಡಿದರೆ ಪ್ಯಾನೆಲ್‌ಗೆ ಕೂಡಲೇ ಗೊತ್ತಾಗುತ್ತದೆ. ವೈರ್‌ಲೆಸ್ ಡಿಟೆಕ್ಟರು ಸತ್ತುಹೋದರೆ ಹೇಗೆ ಗೊತ್ತಾಗಬೇಕು? ಅದಕ್ಕೇ ಅದು ಆಗಾಗ ‘ಇದ್ದೇನೆ’ ಅಂತ ಸುದ್ದಿ ಕಳಿಸುತ್ತಿರುತ್ತದೆ. ಸುದ್ದಿ ನಿಂತರೆ ಪ್ಯಾನೆಲ್ ಮೇಲೆ ಹಳದಿ ದೀಪ ಹತ್ತಿ ಬಜರ್ ಕೂಗುತ್ತದೆ. ವೈರ್‌ಲೆಸ್ ಫೈರ್ ಉಪಕರಣಗಳ ಯುರೋಪಿನ ಮಾನದಂಡ ಇಎನ್ 54-25ರ ಪ್ರಕಾರ, ಸಂಪರ್ಕ ತಪ್ಪಿದ್ದನ್ನು ಸಿಸ್ಟಂ 300 ಸೆಕೆಂಡಿನೊಳಗೆ ಗುರುತಿಸಬೇಕು. ಮ್ಯಾನೇಜರಿಗೆ ಇದು ಕಿರಿಕಿರಿ. ‘ಆ ಪೀಂ ಪೀಂ ನಿಲ್ಲಿಸಿಕೊಡಿ’ ಅಂತ ಫೋನ್ ಮೇಲೆ ಫೋನ್ ಮಾಡುತ್ತಾರೆ. ಆಗ ಡಿಟೆಕ್ಟರನ್ನು ಡಿಸೇಬಲ್ ಮಾಡಿ ಬಂದುಬಿಡುವ ಆಸೆಯಾಗುತ್ತದೆ. ಕೆಲವು ಸಿಸ್ಟಂಗಳಲ್ಲಂತೂ ಈ ಕಾಯುವ ಅವಧಿಯನ್ನೇ ಗಂಟೆಗಟ್ಟಲೆ ಏರಿಸಬಹುದು. ಏರಿಸಿದೆಯೋ, ದೂರು ನಿಲ್ಲುತ್ತದೆ, ರೂಮಿನಲ್ಲಿ ಮಲಗಿದವನಿಗೆ ಮಾತ್ರ ಕಾವಲಿಲ್ಲ. ಕೆಂಪು ದೀಪಕ್ಕೆ ಕೊಡುವ ಮರ್ಯಾದೆಯನ್ನೇ ಹಳದಿ ದೀಪಕ್ಕೂ ಕೊಡು. ಸೆಲ್ ಬದಲಿಸು, ಮಾಡ್ಯೂಲ್ ಜಾಗ ಸರಿಸು, ಇಲ್ಲವೇ ಸಿಗ್ನಲ್ ಮುಂದಕ್ಕೆ ದಾಟಿಸುವ ಎಕ್ಸ್‌ಪ್ಯಾಂಡರ್ ಒಂದನ್ನು ಹಾಕು. ಅದಕ್ಕೆ ಬಿಲ್ ಆಗುತ್ತದೆ ಅಂತ ಮಾಲೀಕರಿಗೆ ನೇರವಾಗಿ ಹೇಳು.

ಎಕ್ಸ್‌ಪ್ಯಾಂಡರ್ ಹಾಕಿದರೆ ಅದರ ಕರೆಂಟ್ ಎಲ್ಲಿಂದ ಅಂತ ನೋಡು. ಹತ್ತಿರದ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿಬಿಟ್ಟರೆ, ಬೆಂಕಿ ಬಿದ್ದು ಎಂಸಿಬಿ ಟ್ರಿಪ್ ಆದ ಕ್ಷಣ ಆ ಇಡೀ ಭಾಗ ಮೂಕವಾಗುತ್ತದೆ. ಬ್ಯಾಟರಿ ಬ್ಯಾಕಪ್ ಇರುವ ಸಪ್ಲೈಯಿಂದಲೇ ಕೊಡು. ಮೇನ್ಸ್ ಆಫ್ ಮಾಡಿಸಿ ಟೆಸ್ಟ್ ಮಾಡದೆ ಸೈಟ್ ಬಿಡಬೇಡ.

ಇನ್ನು ಹೂಟರ್. ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅಂದರೆ ಎಂಟು ಮೀಟರಿಗೆ 82. ಮುಚ್ಚಿದ ಬಾಗಿಲು ಇನ್ನೊಂದು ಇಪ್ಪತ್ತು ತಿಂದರೆ ಉಳಿಯುವುದು 62. ಮಲಗಿದವರನ್ನು ಎಬ್ಬಿಸಲು ದಿಂಬಿನ ಹತ್ತಿರ 75 ಬೇಕು. ಕಾರಿಡಾರಿನಲ್ಲಿ ಒಂದೇ ಹೂಟರ್ ಕೂಗಿಸಿ ‘ಕೇಳುತ್ತಲ್ಲ’ ಅಂದರೆ ಲೆಕ್ಕ ಒಪ್ಪುವುದಿಲ್ಲ. ರೂಮಿನೊಳಗೆ ಹೋಗಿ ಬಾಗಿಲು ಹಾಕು, ಫ್ಯಾನ್ ಹಾಕು, ಮೀಟರನ್ನು ದಿಂಬಿನ ಮೇಲಿಟ್ಟು ಅಳೆ. ಸಾಲದಿದ್ದರೆ ಡಿಟೆಕ್ಟರಿನ ಬುಡದಲ್ಲೇ ಕೂರುವ ಹೂಟರನ್ನು ರೂಮಿಗೊಂದರಂತೆ ಹಾಕು.

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಅದು ಹಗಲು, ಎಲ್ಲರೂ ಎಚ್ಚರವಾಗಿದ್ದ ಆಫೀಸು ಕಟ್ಟಡ. ನೀನು ಕೆಲಸ ಮಾಡುತ್ತಿರುವುದು ಜನ ನಿದ್ದೆ ಮಾಡುವ ಕಟ್ಟಡದಲ್ಲಿ.

ಕೊನೆಯ ಟೆಸ್ಟನ್ನು ಅಡ್ಡಡ್ಡವಾಗಿ ಮಾಡು. ಕೆಳಗಿನ ತಂತಿಯ ಡಿಟೆಕ್ಟರಿಗೆ ಟೆಸ್ಟ್ ಸ್ಪ್ರೇ ಹೊಡೆದಾಗ ಮೇಲಿನ ವೈರ್‌ಲೆಸ್ ಹೂಟರ್ ಕೂಗಬೇಕು, ಮೇಲೆ ಹೊಡೆದಾಗ ಕೆಳಗಿನವೂ ಕೂಗಬೇಕು. ಹಳೇದು ಹೊಸದು ಬೇರೆಬೇರೆಯಾಗಿ ಸರಿಯಿದ್ದು, ಸೇರುವ ಜಾಗದಲ್ಲಿ ಪ್ರೋಗ್ರಾಂ ತಪ್ಪಿರುವುದೇ ಹೆಚ್ಚು. ಪ್ರತಿ ಸೆಲ್ಲಿನ ಮೇಲೂ ಹಾಕಿದ ತಾರೀಖನ್ನು ಮಾರ್ಕರಿನಲ್ಲಿ ಬರೆ. ಕಂಪನಿ ಹೇಳಿದ ಲಿಥಿಯಂ ಸೆಲ್ಲನ್ನೇ ಹಾಕು, ಒಂದು ಉಪಕರಣದ ಸೆಲ್ಲುಗಳನ್ನೆಲ್ಲ ಒಟ್ಟಿಗೇ ಬದಲಿಸು.

ಹ್ಯಾಂಡೋವರ್ ದಿನ ಮ್ಯಾನೇಜರ ಜೊತೆಗೆ ರಾತ್ರಿ ಪಾಳಿಯ ಹುಡುಗನನ್ನೂ ಕರೆಸು. ಬಜರ್ ನಿಲ್ಲಿಸುವ ಬಟನ್ ಅವನ ಕೈಯಲ್ಲೇ ಒತ್ತಿಸು, ಮುಟ್ಟಬಾರದ್ದು ಯಾವುದು ಅಂತ ತೋರಿಸು. ಪ್ಯಾನೆಲ್ ಪಕ್ಕ ಒಂದು ಪುಸ್ತಕ ತೂಗುಹಾಕು. ಯಾವ ಫಾಲ್ಟ್ ಎಷ್ಟು ಹೊತ್ತಿಗೆ ಬಂತು ಅಂತ ಅವನೇ ಬರೆದಿಡಲಿ. ಸರ್ವಿಸ್‌ಗೆ ಹೋದಾಗ ಟೂಲ್ ಬ್ಯಾಗ್ ಬಿಚ್ಚುವ ಮೊದಲು ಅದನ್ನು ಓದು.